ಕಜಕರ ಊಟ: ಹಿಂಡಿನ ಲೆಕ್ಕ, ಅತಿಥಿಯ ಪಾಲು



ಇಂದಿನ ಮಾತು ದೂರದ ಒಂದು ದೇಶದ ಅಡುಗೆಮನೆಯ ಬಗ್ಗೆ. ದೇಶದ ಹೆಸರು ಕಜಕಿಸ್ತಾನ. ದೂರವೆಂದರೂ ಈಗ ಅದು ಅಷ್ಟೇನೂ ದೂರವಲ್ಲ. ದೆಹಲಿಯಿಂದ ಅಲ್ಲಿನ ಅಲ್ಮಾಟಿ ನಗರಕ್ಕೆ ನೇರ ವಿಮಾನವಿದೆ. 2022ರ ಜುಲೈ ತಿಂಗಳಲ್ಲಿ ಆ ಸರಕಾರ ಭಾರತೀಯರಿಗೆ ಹದಿನಾಲ್ಕು ದಿನದ ಮಟ್ಟಿಗೆ ವೀಸಾ ಬೇಡವೆಂದು ಸಾರಿತು. ನಮ್ಮ ದೇಶದ ಸಾವಿರಾರು ಮಕ್ಕಳು ಡಾಕ್ಟರಿಕೆ ಓದಲು ಅಲ್ಲಿಗೆ ಹೋಗಿದ್ದಾರೆ. ಹೀಗೆ ಹೊರಟ ಮಕ್ಕಳ ತಂದೆತಾಯಿಯರು ಕೇಳುವ ಮೊದಲ ಪ್ರಶ್ನೆ ಎಂದರೆ, "ಅಲ್ಲಿ ಊಟಕ್ಕೆ ಏನು ಸಿಗುತ್ತದೆ? ತಿಂದರೆ ಹೊಟ್ಟೆ ಕೆಡುವುದಿಲ್ಲವೇ?"

ಈ ಪ್ರಶ್ನೆಗೆ "ಇದನ್ನು ತಿನ್ನಿ, ಅದನ್ನು ಬಿಡಿ" ಎಂದು ಪಟ್ಟಿ ಕೊಟ್ಟು ಮುಗಿಸಬಹುದು. ಆ ಪಟ್ಟಿಯನ್ನೂ ಕೊನೆಯಲ್ಲಿ ಕೊಡುತ್ತೇನೆ. ಆದರೆ ಕಜಕರ ಒಂದೊಂದು ಖಾದ್ಯವೂ ಒಂದೊಂದು ಅಪಾಯಕ್ಕೆ ಆ ಜನ ಕಂಡುಕೊಂಡ ಉತ್ತರ. ಯಾವ ಅಪಾಯಕ್ಕೆ ಯಾವ ಉತ್ತರ ಎಂದು ತಿಳಿದರೆ, ಏನನ್ನು ತಿನ್ನಬೇಕು, ಏಕೆ ತಿನ್ನಬೇಕು ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಇತಿಹಾಸ ಕೇಳಿ.

ಕಜಕಿಸ್ತಾನ ಸುಮಾರು 27 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ದೇಶ. ವಿಸ್ತೀರ್ಣದಲ್ಲಿ ಜಗತ್ತಿನಲ್ಲೇ ಒಂಬತ್ತನೆಯದು. ಜನಸಂಖ್ಯೆ ಮಾತ್ರ ಎರಡು ಕೋಟಿಯ ಆಸುಪಾಸು. ಅದರ ಬಹುಭಾಗ ಮರವಿಲ್ಲದ ಬಯಲು ಹುಲ್ಲುಗಾವಲು. ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ. ಚಳಿಗಾಲದಲ್ಲಿ ಉತ್ತರ ಭಾಗದಲ್ಲಿ ಉಷ್ಣಾಂಶ ಸೊನ್ನೆಗಿಂತ ಮೂವತ್ತು ನಲವತ್ತು ಡಿಗ್ರಿ ಕೆಳಗಿಳಿಯುವುದುಂಟು. ಮಳೆ ಕಡಿಮೆ. ಇಂಥ ನೆಲದಲ್ಲಿ ಉತ್ತು ಬಿತ್ತಿ ಬದುಕುವುದಕ್ಕಿಂತ ಹುಲ್ಲಿದ್ದ ಕಡೆಗೆ ಹಿಂಡನ್ನು ಹೊಡೆದುಕೊಂಡು ಹೋಗುವುದೇ ಜಾಣತನ. ಕಜಕರ ಪೂರ್ವಿಕರು ಮಾಡಿದ್ದೂ ಅದನ್ನೇ. ಉಣ್ಣೆಯ ಕಂಬಳಿ ಹೊದಿಸಿದ ದುಂಡು ಡೇರೆಯಲ್ಲಿ ವಾಸ. ಋತುವಿಗೊಂದು ಮೇವಿನ ತಾಣ. ಕುದುರೆ, ಒಂಟೆ, ದನ, ಕುರಿ-ಮೇಕೆ, ಈ ನಾಲ್ಕು ಬಗೆಯ ಜಾನುವಾರೇ ಅವರ ಆಸ್ತಿ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಇದನ್ನು ಬೇಗ ಗ್ರಹಿಸುತ್ತೇವೆ. ಹಿಂಡು ಎಂದರೆ ಅಸಲು. ಹಾಲು ಮತ್ತು ಉಣ್ಣೆ ಅದರ ಬಡ್ಡಿ. ಜಾಣ ಗೃಹಸ್ಥ ಬಡ್ಡಿಯಲ್ಲಿ ಬದುಕುತ್ತಾನೆ, ಅಸಲನ್ನು ಲೆಕ್ಕ ಹಾಕಿ ಮುಟ್ಟುತ್ತಾನೆ. ಕಜಕರು ಹಬ್ಬಕ್ಕೆ, ಅತಿಥಿ ಬಂದಾಗ, ಚಳಿಗಾಲದ ಮೊದಲು ಮಾತ್ರ ದೊಡ್ಡ ಪ್ರಾಣಿಯನ್ನು ಕಡಿಯುತ್ತಿದ್ದರು. ಬೇಸಿಗೆಯ ತಿಂಗಳುಗಳಲ್ಲಿ ಅವರ ಊಟ ಬಹುಮಟ್ಟಿಗೆ ಹಾಲೇ ಆಗಿತ್ತು.

ಈ ಹಾಲಿನ ಚರಿತ್ರೆ ಬಹಳ ಹಳೆಯದು. ಉತ್ತರ ಕಜಕಿಸ್ತಾನದ ಬೊತಾಯ್ ಎಂಬಲ್ಲಿ ಸುಮಾರು 5,500 ವರ್ಷ ಹಿಂದಿನ ಒಂದು ಊರನ್ನು ಅಗೆದಿದ್ದಾರೆ. ಅಲ್ಲಿ ಸಿಕ್ಕ ಎಲುಬುಗಳಲ್ಲಿ ಬಹುಪಾಲು ಕುದುರೆಯವು. ಅಲ್ಲಿನ ಮಡಕೆ ಚೂರುಗಳಲ್ಲಿ ಕುದುರೆ ಹಾಲಿನ ಕೊಬ್ಬಿನ ಕುರುಹು ಇದೆಯೆಂದು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಕುದುರೆಗಳು ನಿಜಕ್ಕೂ ಪಳಗಿದವೇ ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ನಡೆದಿದೆ. ಕುದುರೆಯನ್ನು ನಂಬಿ ಬದುಕಿದ ಜನ ಅಲ್ಲಿದ್ದರೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಹಾಲಿನ ತೊಂದರೆ ನಿಮಗೆ ಗೊತ್ತೇ ಇದೆ. ಬಿಸಿಲಿಗೆ ಅದು ಬೇಗ ಕೆಡುತ್ತದೆ. ನಾವು ಹೆಪ್ಪು ಹಾಕಿ ಮೊಸರು ಮಾಡಿದೆವು. ಅವರು ಹೆಣ್ಣು ಕುದುರೆಯ ಹಾಲನ್ನು ಹುಳಿ ಬರಿಸಿ ಕುಮಿಸ್ ಎಂಬ ಪಾನೀಯ ಮಾಡಿದರು. ಕುದುರೆಯ ಕೆಚ್ಚಲು ಸಣ್ಣದು, ಆದ್ದರಿಂದ ದಿನಕ್ಕೆ ಐದಾರು ಸಲ ಕರೆಯಬೇಕು. ಮೊದಲು ಮರಿಯನ್ನು ಬಿಟ್ಟು ಸೊರೆಸಬೇಕು. ಕರೆದ ಹಾಲನ್ನು ಹೊಗೆ ಹಾಕಿದ ತೊಗಲ ಚೀಲಕ್ಕೆ ಸುರಿದು, ಹಳೆಯ ಕುಮಿಸನ್ನು ಹೆಪ್ಪಾಗಿ ಬೆರೆಸಿ, ಕಡೆಗೋಲಿನಿಂದ ಬಹಳ ಹೊತ್ತು ಕಡೆಯುತ್ತಾರೆ. ಕುದುರೆ ಹಾಲಿನಲ್ಲಿ ಸಕ್ಕರೆಯ ಅಂಶ ಹಸುವಿನ ಹಾಲಿಗಿಂತ ಹೆಚ್ಚು. ಹುಳಿ ಬರಿಸಿದಾಗ ಅದರಲ್ಲಿ ಒಂದಷ್ಟು ಆಮ್ಲವಾಗುತ್ತದೆ, ಒಂದಷ್ಟು ಮದ್ಯವಾಗುತ್ತದೆ. ಹಸಿ ಹಾಲು ಅರಗದವರಿಗೂ ಇದು ಅರಗುತ್ತದೆ. ಒಂಟೆಯ ಹಾಲಿನಿಂದ ಹೀಗೆಯೇ ಮಾಡಿದ್ದಕ್ಕೆ ಶುಬಾತ್ ಎಂದು ಹೆಸರು.

1253ರಲ್ಲಿ ರುಬ್ರಕ್‌ನ ವಿಲಿಯಂ ಎಂಬ ಕ್ರೈಸ್ತ ಸನ್ಯಾಸಿ, ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಯ ಪತ್ರ ಹಿಡಿದು, ಈ ಬಯಲನ್ನು ದಾಟಿ ಮಂಗೋಲರ ರಾಜಧಾನಿಗೆ ಹೋದ. ಆಗ ಕಜಕ ಎಂಬ ರಾಜ್ಯ ಹುಟ್ಟಿರಲಿಲ್ಲ. ಕೆರೆಯ್ ಮತ್ತು ಜಾನಿಬೆಕ್ ಎಂಬ ಇಬ್ಬರು ನಾಯಕರು ಅದನ್ನು ಸ್ಥಾಪಿಸಿದ್ದು 1465ರಲ್ಲಿ ಎಂದು ಲೆಕ್ಕ. ರುಬ್ರಕ್‌ನ ಬರಹ ಓದಿದರೆ ಇಂದಿನ ಕಜಕ ಅಜ್ಜಿಯ ಅಡುಗೆಮನೆಯನ್ನೇ ನೋಡಿದಂತಾಗುತ್ತದೆ. ಮೊದಲ ಸಲ ಕುಮಿಸ್ ಕುಡಿದಾಗ ತಾನು ಬೆವೆತುಹೋದನೆಂದೂ, ಆದರೆ ರುಚಿ ಚೆನ್ನಾಗಿಯೇ ಇತ್ತೆಂದೂ ಅವನು ಬರೆದಿದ್ದಾನೆ. ಮಾಂಸವನ್ನು ಸೀಳಿ ಉಪ್ಪಿಲ್ಲದೆ ಬಿಸಿಲು ಗಾಳಿಗೆ ಒಣಗಿಸುವುದನ್ನು ಕಂಡಿದ್ದಾನೆ. ಕಬ್ಬಿಣದ ಕಿಟ್ಟದಂತೆ ಗಟ್ಟಿಯಾದ ಒಣ ಮೊಸರನ್ನು ಚಳಿಗಾಲದಲ್ಲಿ ಬಿಸಿ ನೀರಿನಲ್ಲಿ ಕದಡಿ ಕುಡಿಯುವುದನ್ನೂ ಕಂಡಿದ್ದಾನೆ. ಬರಿಯ ನೀರನ್ನು ಕುಡಿಯದಂತೆ ಅವರು ಬಹಳ ಎಚ್ಚರ ವಹಿಸುತ್ತಾರೆ ಎಂದೂ ಅವನು ಹೇಳುತ್ತಾನೆ. ರೋಗಾಣು ಎಂಬ ಮಾತು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಆ ಜನಕ್ಕೆ ಅನುಭವದಿಂದ ಇಷ್ಟು ತಿಳಿದಿತ್ತು.

ಆ ಒಣ ಮೊಸರಿಗೆ ಈಗ ಕುರ್ತ್ ಎನ್ನುತ್ತಾರೆ. ಹುಳಿ ಹಾಲಿನ ನೀರು ಬಸಿದು, ಉಪ್ಪು ಬೆರೆಸಿ, ಉಂಡೆ ಕಟ್ಟಿ, ನಾವು ಸಂಡಿಗೆ ಒಣಗಿಸುವಂತೆ ಬಿಸಿಲಿನಲ್ಲಿ ಒಣಗಿಸುತ್ತಾರೆ. ನೋಡಲು ಬಿಳಿ ಕಲ್ಲು. ಜೇಬಿನಲ್ಲಿಟ್ಟುಕೊಂಡು ದಿನಗಟ್ಟಲೆ ಕುದುರೆ ಸವಾರಿ ಮಾಡಬಹುದು. ಈ ಕುರ್ತ್ ಎಂಬ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಇನ್ನು ಮಾಂಸ. ಹಿಮ ಬಿದ್ದು ಚಳಿ ನಿಂತ ಮೇಲೆ ಮನೆಮನೆಯಲ್ಲಿ ಸೊಗಿಮ್ ನಡೆಯುತ್ತದೆ. ಚಳಿಗಾಲಕ್ಕೆಂದು ಕೊಬ್ಬಿಸಿದ ಕುದುರೆಯನ್ನೋ ದನವನ್ನೋ ಕಡಿಯುವ ಕಾಲ ಅದು. ಹೊರಗಿನ ಹವೆಯೇ ಶೈತ್ಯಾಗಾರ, ಆದ್ದರಿಂದ ಮಾಂಸ ಕೆಡುವುದಿಲ್ಲ. ಪಕ್ಕೆಲುಬಿನ ಮಾಂಸವನ್ನು ಕೊಬ್ಬಿನ ಸಮೇತ ಉಪ್ಪು, ಬೆಳ್ಳುಳ್ಳಿ, ಮೆಣಸು ಸವರಿ ತೊಳೆದ ಕರುಳಿನಲ್ಲಿ ತುಂಬಿ ಒಣಗಿಸಿದರೆ ಅದು ಕಜಿ. ನಮ್ಮ ಕಡೆಯ ಉಪ್ಪುಖಂಡದ ದೂರದ ನೆಂಟ ಎನ್ನಿ. ಕುದುರೆ ಮಾಂಸ ಎಂದೊಡನೆ ಕೆಲವರು ಮುಖ ಸಿಂಡರಿಸಬಹುದು. ಆದರೆ ಅಲ್ಲಿ ಅದು ಗೌರವದ ಊಟ. ಹಿಮದಡಿಯ ಹುಲ್ಲನ್ನು ಗೊರಸಿನಿಂದ ಕೆದರಿ ತಿಂದು ಬದುಕಬಲ್ಲ ಪ್ರಾಣಿ ಕುದುರೆ. ಅದು ಕೆದರಿದ ಜಾಗದಲ್ಲಿ ಹಿಂದಿನಿಂದ ಬಂದ ಕುರಿಗಳು ಮೇಯುತ್ತವೆ. ಆ ಬಯಲಿನ ಬದುಕು ನಿಂತದ್ದೇ ಕುದುರೆಯ ಮೇಲೆ.

ಕಜಕರ ಮುಖ್ಯ ಖಾದ್ಯಕ್ಕೆ ಹೊರಗಿನವರು ಇಟ್ಟ ಹೆಸರು ಬೆಶ್‌ಬರ್ಮಾಕ್, ಅಂದರೆ ಐದು ಬೆರಳು. ಕೈಯಲ್ಲಿ ತಿನ್ನುವುದರಿಂದ ಈ ಹೆಸರು. ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ! ಅವರು ಮಾತ್ರ ಅದನ್ನು ಸುಮ್ಮನೆ ಎತ್, ಮಾಂಸ, ಎನ್ನುತ್ತಾರೆ. ಗಂಟೆಗಟ್ಟಲೆ ಬೇಯಿಸಿದ ಮಾಂಸ, ಅದೇ ಸಾರಿನಲ್ಲಿ ಬೇಯಿಸಿದ ಹಿಟ್ಟಿನ ಅಗಲ ಹಾಳೆಗಳು, ಮೇಲೆ ಈರುಳ್ಳಿಯ ಒಗ್ಗರಣೆ. ಉಳಿದ ಸಾರು ಸೊರ್ಪಾ, ಅದನ್ನು ಬಟ್ಟಲಿನಲ್ಲಿ ಬೇರೆಯಾಗಿ ಕೊಡುತ್ತಾರೆ. ಯಾರಿಗೆ ಯಾವ ತುಂಡು ಎಂಬುದಕ್ಕೂ ಕಟ್ಟಳೆಯಿದೆ. ಕುರಿಯ ತಲೆ ಮಾನ್ಯ ಅತಿಥಿಗೆ. ಎದೆಯ ಭಾಗ ಅಳಿಯನಿಗೆ. ಕಿವಿ ಮಕ್ಕಳಿಗೆ, ಹಿರಿಯರ ಮಾತು ಕೇಳಲಿ ಎಂದು.

ಅತಿಥಿಯ ಪಾಲಿಗೆ ಕೊನಕಾಸಿ ಎನ್ನುತ್ತಾರೆ. ಬಯಲಿನಲ್ಲಿ ಛತ್ರವಿಲ್ಲ, ಹೋಟೆಲಿಲ್ಲ. ಚಳಿಯಲ್ಲಿ ಬಂದವನನ್ನು ಒಳಗೆ ಕರೆಯದಿದ್ದರೆ ಅವನು ಸಾಯುತ್ತಾನೆ. ಇಂದು ಅವನು, ನಾಳೆ ನಾನು. ಹಾಗಾಗಿ ಅಪರಿಚಿತನನ್ನೂ ದೇವರು ಕಳಿಸಿದ ಅತಿಥಿ ಎಂದು ಕರೆದರು. ಆತಿಥ್ಯ ಕೊಡದವನ ಮೇಲೆ ದೂರು ಹೇಳಿ ದಂಡ ಹಾಕಿಸುವ ಪದ್ಧತಿಯೂ ಹಿಂದೆ ಇತ್ತು.

ಧಾನ್ಯ ಅವರಿಗೆ ಹೊಸದಲ್ಲ. ದಕ್ಷಿಣದ ನದೀತೀರದ ಪೇಟೆಗಳಿಂದ ಕುರಿ ಕೊಟ್ಟು ಧಾನ್ಯ ತರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಚಕ್ರವರ್ತಿಯ ಆಡಳಿತ ಬಂತು, ರೈತರು ವಲಸೆ ಬಂದು ಹುಲ್ಲುಗಾವಲನ್ನು ಉತ್ತರು, ಕಜಕರ ಊಟದಲ್ಲಿ ಹಿಟ್ಟು ಮತ್ತು ಚಹಾ ಹೆಚ್ಚಾದವು. ಹಿಟ್ಟಿನ ಸಣ್ಣ ಉಂಡೆ ಕರಿದರೆ ಬೌರ್ಸಾಕ್. ತೆಳುವಾಗಿ ತಟ್ಟಿ ಕರಿದರೆ ಶೆಲ್ಪೆಕ್. ತೀರಿಹೋದ ಹಿರಿಯರ ಹೆಸರಿನಲ್ಲಿ ಶುಕ್ರವಾರ ಏಳು ಶೆಲ್ಪೆಕ್ ಮಾಡಿ ಹಂಚುತ್ತಾರೆ. ಚಹಾಕ್ಕೆ ಹಾಲು ಬೆರೆಸುತ್ತಾರೆ. ಸೋವಿಯತ್ ಕಾಲದಲ್ಲಿ ಅಲ್ಲಿನ ಅಂಗಡಿಯಲ್ಲಿ ಬಹಳ ಬೇಡಿಕೆಯಿದ್ದದ್ದು ಆನೆಯ ಚಿತ್ರವಿದ್ದ ಪೊಟ್ಟಣದ ಭಾರತೀಯ ಚಹಾಕ್ಕೆ. ಮಾತಿನಲ್ಲೂ ನಂಟಿದೆ. ಚಹಾಕ್ಕೆ ಶಾಯ್, ರೊಟ್ಟಿಗೆ ನಾನ್, ಪಲಾವಿಗೆ ಪಲಾವ್, ಈರುಳ್ಳಿಗೆ ಪಿಯಾಜ್, ಊಟ ಬಡಿಸುವ ಹಾಸಿಗೆ ದಸ್ತರ್‌ಖಾನ್. ಮನೆಯ ಸುತ್ತ ಉರ್ದು ಕೇಳಿ ಬೆಳೆದ ಕೇಳುಗರಿಗೆ ಇವು ಹೊಸ ಮಾತುಗಳಲ್ಲ. ಪಾರಸಿ ಭಾಷೆಯ ದಾರಿಯಿಂದ ಅಲ್ಲಿಗೂ ಹೋದವು, ಇಲ್ಲಿಗೂ ಬಂದವು.

ಈಗ ಕಷ್ಟದ ಅಧ್ಯಾಯಕ್ಕೆ ಬರೋಣ. ಕೊರೆಯುವ ಚಳಿಯನ್ನೂ, ಹುಲ್ಲಿನ ಮೇಲೆ ಮಂಜುಗಡ್ಡೆ ಕಟ್ಟಿ ಜಾನುವಾರು ಸಾಯುವ ಜೂತ್ ಎಂಬ ವಿಪತ್ತನ್ನೂ ಸಾವಿರಾರು ವರ್ಷ ತಾಳಿಕೊಂಡ ಈ ಅಡುಗೆಮನೆ ನಾಲ್ಕೈದು ವರ್ಷದಲ್ಲಿ ಬರಿದಾಯಿತು. ಅದು ಪ್ರಕೃತಿಯ ಕೆಲಸವಲ್ಲ. 1928ರಲ್ಲಿ ಸೋವಿಯತ್ ಆಡಳಿತ ದೊಡ್ಡ ಹಿಂಡುಗಳ ಒಡೆಯರ ಆಸ್ತಿ ಜಪ್ತಿ ಮಾಡಿತು. ಆ ಮೇಲೆ ಎಲ್ಲರ ಜಾನುವಾರನ್ನೂ ಸಾಮೂಹಿಕ ಕೃಷಿಗೆ ಸೇರಿಸಲು, ಅಲೆಮಾರಿಗಳನ್ನು ಒಂದೆಡೆ ನೆಲೆ ನಿಲ್ಲಿಸಲು ಬಲವಂತ ಮಾಡಿತು. ಆಗ ಅಲ್ಲಿನ ಪಕ್ಷದ ಮುಖ್ಯಸ್ಥ ಗೊಲೊಶ್ಚೋಕಿನ್. ಮಾಂಸಕ್ಕೆ ಇಷ್ಟು, ಧಾನ್ಯಕ್ಕೆ ಇಷ್ಟು ಎಂದು ಮೇಲಿನಿಂದ ಗುರಿ ಬರುತ್ತಿತ್ತು. ಒಟ್ಟುಗೂಡಿಸಿದ ಪ್ರಾಣಿಗಳು ಮೇವಿಲ್ಲದೆ, ರೋಗ ಬಂದು ಸತ್ತವು. ಸುಮಾರು 4 ಕೋಟಿ ಇದ್ದ ಜಾನುವಾರು ಸುಮಾರು 45 ಲಕ್ಷಕ್ಕೆ ಇಳಿಯಿತು. ಹಿಂಡೇ ಅಸಲು ಎಂದು ಆಗಲೇ ಹೇಳಿದೆನಲ್ಲವೇ? ನೂರು ರೂಪಾಯಿ ಅಸಲಿನಲ್ಲಿ ಹನ್ನೊಂದು ರೂಪಾಯಿ ಉಳಿದಂತೆ.

1930ರಿಂದ 1933ರವರೆಗಿನ ಆ ಕ್ಷಾಮದಲ್ಲಿ ಸುಮಾರು 15 ಲಕ್ಷ ಜನ ಸತ್ತರೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಸುಮಾರು 13 ಲಕ್ಷ ಮಂದಿ ಕಜಕರು, ಅಂದರೆ ಮೂವರು ಕಜಕರಲ್ಲಿ ಒಬ್ಬರಿಗಿಂತ ಹೆಚ್ಚು. ಲಕ್ಷಾಂತರ ಜನ ಚೀನಾಕ್ಕೆ, ಸೈಬೀರಿಯಾಕ್ಕೆ, ಉಜ್ಬೇಕ್ ನಾಡಿಗೆ ಓಡಿದರು. 1932ರ ಜುಲೈನಲ್ಲಿ ಲೇಖಕ ಗಾಬಿತ್ ಮುಸ್ರೆಪೊವ್ ಮತ್ತು ನಾಲ್ವರು ಸಂಗಡಿಗರು ಗೊಲೊಶ್ಚೋಕಿನ್‌ಗೆ ಪತ್ರ ಬರೆದು ಸತ್ಯ ಹೇಳುವ ಧೈರ್ಯ ಮಾಡಿದರು. 1933ರಲ್ಲಿ ಅವನನ್ನು ಆ ಪದವಿಯಿಂದ ತೆಗೆದರು. ಕ್ಷಾಮದ ಸುದ್ದಿಯನ್ನು ಬಾಯಿ ಬಿಟ್ಟು ಆಡಲು 1980ರ ದಶಕದ ಕೊನೆಯವರೆಗೂ ಬಿಡಲಿಲ್ಲ. ಈಗ ಪ್ರತಿ ವರ್ಷ ಮೇ 31 ಅಲ್ಲಿ ಸ್ಮರಣೆಯ ದಿನ.

ಹೀಗೆ ಕಜಕರು ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದರು. 1959ರ ಜನಗಣತಿಯಲ್ಲಿ ಅವರು ನೂರಕ್ಕೆ ಮೂವತ್ತು ಮಾತ್ರ. ಪೇಟೆಯಲ್ಲಿ, ಕಚೇರಿಯಲ್ಲಿ ರಷ್ಯನ್ ಭಾಷೆ. ಕಚೇರಿಯ ಭಾಷೆ ಒಂದು, ಒಲೆಯ ಮುಂದಿನ ಭಾಷೆ ಇನ್ನೊಂದು ಎಂದರೇನೆಂಬುದನ್ನು ಗಡಿಯಲ್ಲಿ ಬದುಕುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಕುರ್ತ್, ಕಜಿ, ಬೌರ್ಸಾಕ್ ಎಂಬ ಹೆಸರುಗಳು ಹಾಗೇ ಉಳಿದವು. 2021ರ ಜನಗಣತಿಯಲ್ಲಿ ಕಜಕರ ಪ್ರಮಾಣ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಏರಿದೆ.

ಆ ಹಸಿವಿನ ನಂತರವೂ ಅತಿಥಿಯ ಪಾಲು ನಿಲ್ಲಲಿಲ್ಲ ಎಂಬುದಕ್ಕೆ ಒಂದು ನಿದರ್ಶನ ಕೇಳಿ. 1938ರಲ್ಲಿ, ಇಂದಿನ ರಾಜಧಾನಿ ಅಸ್ತಾನಾದ ಹತ್ತಿರ, ಅಲ್ಜಿರ್ ಎಂಬ ಸೆರೆ ಶಿಬಿರ ತೆರೆದರು. 'ದೇಶದ್ರೋಹಿ'ಗಳೆಂದು ಹಿಡಿದವರ ಹೆಂಡತಿಯರನ್ನು ಅಲ್ಲಿ ಕೂಡಿಹಾಕಿದರು. ಗೆರ್ಟ್ರೂಡ್ ಪ್ಲಾಟಾಯ್ಸ್ ಎಂಬ ಸೆರೆಯಾಳು ಮುಂದೆ ಹೀಗೆ ಹೇಳಿದರು. ಚಳಿಯಲ್ಲಿ ಕೆರೆಯ ಜೊಂಡು ಕೊಯ್ಯುತ್ತಿದ್ದ ಹೆಂಗಸರ ಮೇಲೆ ಹತ್ತಿರದ ಹಳ್ಳಿಯ ಮುದುಕರು, ಮಕ್ಕಳು ಬಿಳಿ ಕಲ್ಲು ಎಸೆದರು. ಇಲ್ಲಿಯ ಜನಕ್ಕೂ ನೀವು ಬೇಡವೆಂದು ಕಾವಲುಗಾರರು ನಕ್ಕರು. ಎಡವಿ ಬಿದ್ದಾಗ ಆಕೆಯ ಮೂಗಿಗೆ ಹಾಲಿನ ವಾಸನೆ ಬಂತು. ಕಲ್ಲಲ್ಲ, ಕುರ್ತ್! ಕಾವಲುಗಾರರ ಕಣ್ಣು ತಪ್ಪಿಸಿ ಹಳ್ಳಿಯವರು ಊಟ ಕೊಟ್ಟಿದ್ದರು. ಐದಾರು ವರ್ಷದ ಹಿಂದೆ ತಾವೇ ಹಸಿದು ಸತ್ತ ಊರುಗಳ ಜನ ಅವರು. ಆ ಜಾಗದಲ್ಲಿ 2007ರಿಂದ ಸ್ಮಾರಕ ವಸ್ತುಸಂಗ್ರಹಾಲಯವಿದೆ.

ಆ ಬಯಲಿಗೆ ಬಲವಂತವಾಗಿ ಬಂದವರು ಇನ್ನೂ ಅನೇಕರು. 1937ರಲ್ಲಿ ಕೊರಿಯನ್ನರು, 1941ರಲ್ಲಿ ವೋಲ್ಗಾ ನದಿಯ ಜರ್ಮನ್ನರು, 1944ರಲ್ಲಿ ಚೆಚೆನ್ನರು. ಕೋಸು ಸಿಗದ ಕೊರಿಯನ್ನರು ಕ್ಯಾರೆಟ್ ಹೆರೆದು ಖಾರದ ಕೋಸಂಬರಿ ಮಾಡಿದರು. ಈಗ ಅದು ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಅದಕ್ಕೂ ಮೊದಲು ಚೀನಾದ ಕಡೆಯಿಂದ ಬಂದ ಉಯಿಘರರೂ ದುಂಗಾನರೂ ಲಗ್‌ಮಾನ್ ಎಂಬ ಕೈಯಲ್ಲಿ ಎಳೆದ ಶಾವಿಗೆ ತಂದಿದ್ದರು. ವಸಂತದ ನೌರಿಜ್ ಹಬ್ಬವನ್ನು 1926ರಿಂದ ಸರಕಾರ ತಡೆದಿತ್ತು. 1988ರಲ್ಲಿ ಅದು ಮರಳಿ ಬಂತು. ನೀರು, ಮಾಂಸ, ಉಪ್ಪು, ಕೊಬ್ಬು, ಹಿಟ್ಟು, ಧಾನ್ಯ, ಹಾಲು ಎಂಬ ಏಳು ವಸ್ತುಗಳ ಗಂಜಿ ಅಂದು ಮಾಡಿ ನೆರೆಹೊರೆಗೆ ಹಂಚುತ್ತಾರೆ. 1991ರ ಡಿಸೆಂಬರ್ 16ರಂದು ದೇಶ ಸ್ವತಂತ್ರವಾಯಿತು.

ಇನ್ನು ಅಲ್ಲಿಗೆ ಹೋಗುವವರಿಗೆ ಪಟ್ಟಿ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ.

ಒಂದು, ನೀರು. ನಲ್ಲಿ ನೀರನ್ನು ಹಾಗೇ ಕುಡಿಯಬೇಡಿ. ಒಂದು ನಿಮಿಷ ಕೊತಕೊತ ಕುದಿಸಿ ಆರಿಸಿ ಕುಡಿಯಿರಿ, ಇಲ್ಲವೇ ಮುಚ್ಚಳದ ಮುದ್ರೆ ಒಡೆಯದ ಬಾಟಲಿ ಕೊಳ್ಳಿ. ಬಿಸಿ ಚಹಾ ಎಲ್ಲಕ್ಕಿಂತ ಕ್ಷೇಮ.

ಎರಡು, ಹಾಲು. ಆ ದೇಶದ ಜಾನುವಾರುಗಳಲ್ಲಿ ಬ್ರುಸೆಲ್ಲೋಸಿಸ್ ಎಂಬ ರೋಗವಿದೆ. ಹಸಿ ಹಾಲಿನಿಂದ ಅದು ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು ವಾರಗಟ್ಟಲೆ ಕಾಡುತ್ತದೆ. ಹಾಲು ಕುದಿಸಿ ಕುಡಿಯಿರಿ, ಅಥವಾ ಡೇರಿಯಲ್ಲಿ ಕಾಯಿಸಿ ಪೊಟ್ಟಣ ಕಟ್ಟಿದ್ದನ್ನು ಕೊಳ್ಳಿ. ಹುಳಿ ಬಂದ ಮಾತ್ರಕ್ಕೆ ಈ ರೋಗಾಣು ಸಾಯುವುದೆಂಬ ಭರವಸೆಯಿಲ್ಲ. ಕುಮಿಸ್, ಶುಬಾತ್ ರುಚಿ ನೋಡುವ ಆಸೆಯಿದ್ದರೆ ಕಾರ್ಖಾನೆಯಲ್ಲಿ ತಯಾರಾದದ್ದನ್ನು ಒಂದೆರಡು ಗುಟುಕು ಕುಡಿಯಿರಿ. ಹೊಸಬರಿಗೆ ಹೆಚ್ಚು ಕುಡಿದರೆ ಹೊಟ್ಟೆ ಸಡಿಲಾಗುತ್ತದೆ. ಕುಮಿಸ್‌ನಲ್ಲಿ ಸ್ವಲ್ಪ ಮದ್ಯದ ಅಂಶ ಇದೆಯೆಂಬುದೂ ತಿಳಿದಿರಲಿ. ಗರ್ಭಿಣಿಯರು, ಮಕ್ಕಳು ಮುಟ್ಟದಿರುವುದೇ ಲೇಸು.

ಮೂರು, ಮಾಂಸ ತಿನ್ನುವವರು ಚೆನ್ನಾಗಿ ಬೆಂದು ಹಬೆಯಾಡುವುದನ್ನು ತಿನ್ನಿ. ಕಜಿಯನ್ನು ಬೇಯಿಸಿದ್ದೆಂದು ಕೇಳಿ ತಿಳಿದು ತಿನ್ನಿ. ಬೇಸಿಗೆಯಲ್ಲಿ ರಸ್ತೆ ಬದಿ ಬಹಳ ಹೊತ್ತು ಇಟ್ಟ ಮಾಂಸದ ಸಮ್ಸಾ ಬೇಡ.

ನಾಲ್ಕು, ಮೀನು. ಉತ್ತರದ ಇರ್ತಿಶ್, ಇಶಿಮ್ ನದಿಗಳ ಮೀನಿನಲ್ಲಿ ಪಿತ್ತಕೋಶಕ್ಕೆ ಸೇರುವ ಹುಳ ಇರುವುದುಂಟು. ಹಸಿ, ಅರೆಬೆಂದ, ಸ್ವಲ್ಪ ಉಪ್ಪು ಹಾಕಿ ಒಣಗಿಸಿದ ಮೀನು ಬಿಡಿ. ಮನೆಯಲ್ಲಿ ಡಬ್ಬಿ ತುಂಬಿದ ಅಣಬೆ, ಮೀನು, ತರಕಾರಿಗಳನ್ನೂ ಬಿಡಿ. ಅಂಥದ್ದನ್ನು ತಿಂದ ಮೇಲೆ ಕಣ್ಣು ಮಂಜಾದರೆ, ಮಾತು ತೊದಲಿದರೆ, ನುಂಗಲಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್ ಕರೆಯಲು ಅಲ್ಲಿನ ನಂಬರು 103.

ಐದು, ಹಣ್ಣು. ನಾವು ತಿನ್ನುವ ಸೇಬಿನ ಮೂಲ ವಂಶ ಅಲ್ಮಾಟಿಯ ಸುತ್ತಿನ ಬೆಟ್ಟಗಳ ಕಾಡು ಸೇಬು. 1929ರಲ್ಲಿ ವಿಜ್ಞಾನಿ ವಾವಿಲೊವ್ ಅಲ್ಲಿಗೆ ಹೋಗಿ ಅದನ್ನು ಗುರುತಿಸಿದರು. ಧಾರಾಳವಾಗಿ ತಿನ್ನಿ, ಆದರೆ ತೊಳೆದು, ನೀವೇ ಸುಲಿದು ಅಥವಾ ಹೆಚ್ಚಿ ತಿನ್ನಿ. ಕತ್ತರಿಸಿಟ್ಟ ಕಲ್ಲಂಗಡಿ, ಕರಬೂಜ ಕೊಳ್ಳಬೇಡಿ.

ಆರು, ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಆಗಾಗ ಕುಡಿಯಿರಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ಡಾಕ್ಟರನ್ನು ಕಾಣಿ.

ಏಳು, ಸಸ್ಯಾಹಾರಿಗಳಿಗೆ. "ಮೆನ್ ಎತ್ ಜೆಮೆಯ್ಮಿನ್" ಎಂಬ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ನಾನು ಮಾಂಸ ತಿನ್ನುವುದಿಲ್ಲ ಎಂದು ಅರ್ಥ. ತರಕಾರಿ ಸಾರೆಂದರೂ ಎಲುಬಿನ ಕಟ್ಟು ಇರಬಹುದು, ಬೌರ್ಸಾಕನ್ನು ಪ್ರಾಣಿಯ ಕೊಬ್ಬಿನಲ್ಲಿ ಕರಿದಿರಬಹುದು. ಕೇಳಿ ತಿಳಿಯಿರಿ. ನಾನ್, ಹಣ್ಣು, ಒಣದ್ರಾಕ್ಷಿ, ಅಕ್ರೋಟು, ಕ್ಯಾರೆಟ್ಟಿನ ಕೋಸಂಬರಿ, ಚಹಾ ಎಲ್ಲೆಡೆ ಸಿಗುತ್ತವೆ.

ಇಷ್ಟೆಲ್ಲ ಬೇಡ ಎಂದರೆ ಮನೆಯವರಿಗೆ ಅವಮಾನವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೂ ಅವರಲ್ಲೇ ದಾರಿಯಿದೆ. ಕೂತು ಉಣ್ಣಲಾಗದ ಅತಿಥಿ ನಾನ್‌ನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರೆ ಸಾಕು, ಮನೆಯ ಮರ್ಯಾದೆ ಉಳಿಯಿತು. ಆ ರೊಟ್ಟಿಯನ್ನು ಬೋರಲಾಗಿ ಇಡಬೇಡಿ, ನೆಲಕ್ಕೆ ಬೀಳಿಸಬೇಡಿ. ಕುರಿಯ ತಲೆ ನಿಮ್ಮ ಮುಂದೆ ಬಂದರೆ ವಿನಯದಿಂದ ನಿಮಗಿಂತ ಹಿರಿಯರ ಕಡೆಗೆ ಸರಿಸಿ. ಚಹಾ ಅರ್ಧ ಬಟ್ಟಲು ಬಂದರೆ ಜಿಪುಣತನ ಎಂದುಕೊಳ್ಳಬೇಡಿ. ಬಿಸಿಯಾಗಿ ಮತ್ತೆ ಮತ್ತೆ ಹಾಕಿ ಕೂರಿಸಿಕೊಳ್ಳುವ ಪ್ರೀತಿ ಅದು. ಬಟ್ಟಲು ತುಂಬಿ ಬಂದರೆ ಹೊರಡುವ ಹೊತ್ತಾಯಿತೆಂದು ತಿಳಿಯಿರಿ. ಏಳುವಾಗ "ರಹ್ಮೆತ್" ಎನ್ನಿ, ಉಪಕಾರವಾಯಿತು ಎಂದು.

ಯಾರಾದರೂ ನಿಮ್ಮ ಅಂಗೈಗೆ ಒಂದು ಕುರ್ತ್ ಇಟ್ಟರೆ, ಬಹಳ ಉಪ್ಪು, ಬಹಳ ಗಟ್ಟಿ ಎಂದು ಮುಖ ಕಿವುಚಬೇಡಿ. ಹಲ್ಲಿನಿಂದ ಕಡಿಯದೆ ಬಾಯಲ್ಲಿಟ್ಟು ಮೆಲ್ಲಗೆ ಕರಗಿಸಿ. ಹಿಂಡೆಲ್ಲ ಹೋದ ಮೇಲೂ ಆ ಜನ ಅತಿಥಿಗೆಂದು ತೆಗೆದಿಟ್ಟ ಪಾಲು ಅದು.